ಐಇಎಲ್‌ಟಿಎಸ್ ರೈಟಿಂಗ್: 6ರಿಂದ 7ಕ್ಕೆ ನಾನು ಬಂದಿದ್ದು ಹೀಗೆ

ನಾನು ನರ್ಸ್. ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮೀಡಿಯಂ. ಯುಕೆಯಲ್ಲಿ ನರ್ಸ್ ಆಗಿ ಕೆಲಸ ಮಾಡೋಕೆ ಅಲ್ಲಿ ನರ್ಸ್‌ಗಳ ನೋಂದಣಿ ಮಾಡುವ ಎನ್‌ಎಂಸಿ ಕೇಳುವುದು ಐಇಎಲ್‌ಟಿಎಸ್ ಅಕಾಡೆಮಿಕ್ ಅನ್ನೋ ಇಂಗ್ಲಿಷ್ ಪರೀಕ್ಷೆಯಲ್ಲಿ ರೈಟಿಂಗ್‌ಗೆ 6.5, ಉಳಿದ ಮೂರಕ್ಕೂ (ಲಿಸನಿಂಗ್, ರೀಡಿಂಗ್, ಸ್ಪೀಕಿಂಗ್) 7. ಮೊದಲ ಸಲ ಆ ಮೂರೂ ಬಂದವು, ರೈಟಿಂಗ್ ಮಾತ್ರ 6ಕ್ಕೆ ನಿಂತುಬಿಟ್ಟಿತು. ಅರ್ಧ ಬ್ಯಾಂಡಿಗಾಗಿ, ಅಂದರೆ ಅರ್ಧ ಅಂಕಕ್ಕಾಗಿ, ಮತ್ತೆ ಫೀಸು ಕಟ್ಟಿದೆ.

ಕೋಚಿಂಗ್‌ನಲ್ಲಿ ದೊಡ್ಡ ದೊಡ್ಡ ವಾಕ್ಯ ಬಾಯಿಪಾಠ ಮಾಡಿಸಿದ್ದರು. ಯಾವ ವಿಷಯ ಬಂದರೂ ಅದೇ ಶುರು, ಅದೇ ಮುಕ್ತಾಯ. ಎರಡನೇ ಸಲ ಅದನ್ನೆಲ್ಲ ಬಿಟ್ಟೆ.

ನನ್ನ ಕಣ್ಣು ತೆರೆಸಿದ್ದು ನಮ್ಮ ವಾರ್ಡಿನಲ್ಲೇ ಇದ್ದು ಈಗ ಯುಕೆಗೆ ಹೋಗಿರುವ ಒಬ್ಬ ಅಕ್ಕ. ಊರೊಳಗೆ ಖಾಸಗಿ ಕಾರು ನಿಷೇಧಿಸಬೇಕು, ನೀವು ಎಷ್ಟರ ಮಟ್ಟಿಗೆ ಒಪ್ಪುತ್ತೀರಿ ಅನ್ನೋ ಪ್ರಶ್ನೆಗೆ ನಾನು ಹೊಗೆ, ಟ್ರಾಫಿಕ್ಕು, ಆಕ್ಸಿಡೆಂಟು ಅಂತ ಎರಡು ಪುಟ ಬರೆದು ಫೋಟೋ ಕಳಿಸಿದ್ದೆ. ಅಕ್ಕ ಕೇಳಿದ್ದು ಒಂದೇ ಮಾತು: ‘ಹೊಗೆ ಬಗ್ಗೆ ಎಲ್ಲಾ ಹೇಳಿದ್ದೀಯ, ಕಾರು ಬೇಕು ಅಂತೀಯಾ, ಬೇಡ ಅಂತೀಯಾ?’ ಪುಟ ತಿರುಗಿಸಿ ನೋಡಿದೆ, ಎಲ್ಲೂ ಇರಲಿಲ್ಲ. ಅವತ್ತಿನಿಂದ ಬರೆಯೋ ಮೊದಲು 5 ನಿಮಿಷ ಪೆನ್ನು ಮುಟ್ಟದೆ ಕೂತು, ನನ್ನ ನಿಲುವು ಏನು, ಅದಕ್ಕೆ ಎರಡು ಕಾರಣ ಏನು ಅಂತ ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿಕೊಳ್ಳುತ್ತಿದ್ದೆ. ಕನ್ನಡದಲ್ಲೇ ಹೇಳೋಕೆ ಬರದಿದ್ದರೆ ಇಂಗ್ಲಿಷಿನಲ್ಲಿ ಎಲ್ಲಿಂದ ಬರಬೇಕು, ಅಲ್ವಾ?

ಇನ್ನೊಂದು, ತಪ್ಪಿನ ನೋಟ್‌ಬುಕ್. ಇದು ತುಂಬಾ ಕೆಲಸಕ್ಕೆ ಬಂತು. ಒಂದು ತಿಂಗಳು ಮಾಡಿದ ತಪ್ಪುಗಳನ್ನೆಲ್ಲ ಬರೆದಿಟ್ಟು ನೋಡಿದರೆ ಮುಕ್ಕಾಲು ಪಾಲು ನಮ್ಮ ಕನ್ನಡದ ಅಭ್ಯಾಸದಿಂದಲೇ ಬಂದಿದ್ದವು. ನಾವು ‘ಎರಡು ಪುಸ್ತಕ’ ಅಂತೀವಿ, ‘ಗಳು’ ಸೇರಿಸುವುದಿಲ್ಲ. ಹಾಗಾಗಿ ‘ಟೂ ಬುಕ್’, ‘ಮೆನಿ ಕಾರ್’ ಅಂತ ಬರೆದು ಎಸ್ ಬಿಡುತ್ತಿದ್ದೆ. ‘ಅದರ ಬಗ್ಗೆ ಚರ್ಚಿಸು’ ಅನ್ನೋದು ‘ಡಿಸ್ಕಸ್ ಅಬೌಟ್’ ಆಗುತ್ತಿತ್ತು, ಅಲ್ಲಿ ಅಬೌಟ್ ಬೇಡ. ‘ಎ’, ‘ದಿ’ ನಮ್ಮಲ್ಲಿ ಇಲ್ಲವೇ ಇಲ್ಲ, ಅವನ್ನು ಮರೆಯುತ್ತಿದ್ದೆ. ಈ ಮೂರನ್ನು ಹುಡುಕೋದಕ್ಕೆ ಅಂತಲೇ ಕೊನೆಯ 4 ನಿಮಿಷ ಇಟ್ಟುಕೊಂಡೆ.

ಒಟ್ಟು ಸಮಯ 60 ನಿಮಿಷ. ಗ್ರಾಫಿನಂಥದ್ದನ್ನು ವಿವರಿಸುವ ಟಾಸ್ಕ್ 1ಕ್ಕೆ ಕನಿಷ್ಠ 150 ಪದ, ಆ ಕಾರಿನ ಪ್ರಶ್ನೆಯಂಥ ಪ್ರಬಂಧ ಬರೆಯುವ ಟಾಸ್ಕ್ 2ಕ್ಕೆ 250. ಎರಡನೆಯದಕ್ಕೆ ಮೊದಲನೆಯದರ ಎರಡರಷ್ಟು ತೂಕ, ಅದಕ್ಕೇ ನಾನು ಅದನ್ನೇ ಮೊದಲು ಬರೆದೆ. ನನ್ನ ಕೈಬರಹದಲ್ಲಿ ಒಂದು ಸಾಲಿಗೆ ಸುಮಾರು 10 ಪದ. ಟಾಸ್ಕ್ 2ಕ್ಕೆ 27 ಸಾಲಾದರೆ ಸಾಕು ಅಂತ ಗೊತ್ತಿದ್ದರಿಂದ ಪದ ಎಣಿಸುತ್ತಾ ಕೂರಲಿಲ್ಲ. ಕಂಪ್ಯೂಟರಿನಲ್ಲಿ ಬರೆಯುವವರಿಗೆ ಆ ತಲೆನೋವಿಲ್ಲ, ಲೆಕ್ಕ ಪರದೆ ಮೇಲೇ ಕಾಣುತ್ತದೆ.

ಟಾಸ್ಕ್ 1ರ ಗ್ರಾಫಿನಲ್ಲಿ ಮೊದಲು ನಾನು ‘ಹೀಗಾಗಲು ಕಾರಣ ಬೆಲೆ ಏರಿಕೆ’ ಅಂತೆಲ್ಲ ಸೇರಿಸುತ್ತಿದ್ದೆ. ಅದು ಬೇಡ. ಕಾಣುವುದನ್ನು ಮಾತ್ರ ಹೇಳಬೇಕು. ಆದರೆ ಒಟ್ಟಾರೆ ಏನು ಏರಿತು, ಏನು ಇಳಿಯಿತು ಅನ್ನೋ ಎರಡು ವಾಕ್ಯ ಇರಲೇಬೇಕು. ಸುಮ್ನೆ ಅಂಕಿ ಮೇಲೆ ಅಂಕಿ ಜೋಡಿಸಿದರೆ ಬ್ಯಾಂಡ್ ಮೇಲೇಳುವುದಿಲ್ಲ. ನಾನು ಆ ಎರಡು ವಾಕ್ಯವನ್ನು ಶುರುವಿನಲ್ಲೇ, ಪ್ರಶ್ನೆಯನ್ನು ನನ್ನ ಮಾತಿನಲ್ಲಿ ಹೇಳಿದ ತಕ್ಷಣ ಬರೆದುಬಿಡುತ್ತಿದ್ದೆ, ಆಮೇಲೆ ಸಮಯ ಸಾಲದಿದ್ದರೂ ಅದು ತಪ್ಪಿಹೋಗದಿರಲಿ ಅಂತ.