ಕರಿಕೋಟು ಹಾಕಿದ ಮೇಲೆ ಮೂರು ವರ್ಷ ನಿಲ್ಲುವುದು ಹೇಗೆ

ತಂಗಿ, ಕಲಬುರಗಿ ಕೋರ್ಟಿಗೆ ಆಸೆಯಿಂದ ಬಂದ ಎಷ್ಟೋ ಹುಡುಗಿಯರು ಎರಡು ವರ್ಷದೊಳಗೆ ಮನೆ ಸೇರಿದ್ದನ್ನು ಕಂಡಿದ್ದೇನೆ. ನಮ್ಮಂಥ ದಲಿತ ಕೇರಿಯವರು ಇನ್ನೂ ಬೇಗ. ಆದರೆ ಸಿವಿಲ್ ಜಡ್ಜ್ ಪರೀಕ್ಷೆಗೆ 3 ವರ್ಷದ ವಕೀಲಿಕೆ ಬೇಕು ಅಂತ 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಬಡವರಿಗೆ ಉಚಿತ ವಕೀಲರನ್ನು ಕೊಡುವ ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್‌ಗೂ (ವಕೀಲರ ಪಟ್ಟಿಗೂ) ಸಾಮಾನ್ಯವಾಗಿ ಅಷ್ಟೇ ಅನುಭವ ಕೇಳುತ್ತಾರೆ. ನಡುವೆ ಬಿಟ್ಟರೆ ಎರಡೂ ಬಾಗಿಲು ಮುಚ್ಚಿದಂತೆ.

ವಕೀಲೆ ಅಂತ ಹೆಸರು ಬರೆಸುವ ನೋಂದಣಿ ಶುಲ್ಕಕ್ಕೆ ಸಾಲ ಮಾಡಬೇಡ. 750 ರೂಪಾಯಿಗಿಂತ, ಪರಿಶಿಷ್ಟರಿಂದ 125ಕ್ಕಿಂತ ಜಾಸ್ತಿ ತಗೋಬಾರದು ಅಂತ 2024ರಲ್ಲೇ ತೀರ್ಪಾಗಿದೆ. ಸ್ಟಾಂಪ್ ಖರ್ಚು ಬೇರೆ.

ಸೀನಿಯರ್ ಆರಿಸುವಾಗ ಅವಸರ ಬೇಡ. ಒಂದು ವಾರ ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಕೂತು ನೋಡು: ಅವರ ಆಫೀಸಿನ ಹುಡುಗಿ ಎದುರಿನವರ ಸಾಕ್ಷಿಯನ್ನು ಕ್ರಾಸ್ (ಪಾಟೀಸವಾಲು) ಮಾಡುತ್ತಾಳಾ, ಇಲ್ಲಾ ಬರೀ ಮುಂದಿನ ವಿಚಾರಣೆಯ ಡೇಟ್ ತಗೊಂಡು ಬರುತ್ತಾಳಾ? ನಾನು ಇದನ್ನು ನೋಡದೆ ಸೇರಿದೆ. ಎರಡು ವರ್ಷ ಡೇಟ್ ತಗೊಂಡೆ, ಟೈಪ್ ಮಾಡಿಸಿದೆ, ಜೀವನಾಂಶದ ಕೇಸಿಗೆ ಬಂದ ಹೆಣ್ಣುಮಕ್ಕಳ ಕಣ್ಣೀರು ಒರೆಸಿದೆ. ನನ್ನ ಜೊತೆಗೇ ಸೇರಿದ ಹುಡುಗ ಆರು ತಿಂಗಳಿಗೆ ಜಮೀನಿನ ದಾವೆಯಲ್ಲಿ ಕ್ರಾಸ್‌ಗೆ ಎದ್ದು ನಿಂತ. ಒಮ್ಮೆ ಕಕ್ಷಿದಾರರೊಬ್ಬರು "ನೀವು ಯಾವ ಮಂದಿ ರೀ?" ಅಂದರು, ಹೇಳಿದೆ, ಮರುದಿನ ಆ ಫೈಲ್ ನನ್ನ ಟೇಬಲ್ ಮೇಲಿರಲಿಲ್ಲ. ಆ ಸಿಟ್ಟು ಇವತ್ತಿಗೂ ಇದೆ.

ಅದಕ್ಕೇ ಬಾಯಿಬಿಟ್ಟು ಕೇಳು. ಸುಮ್ನೆ ಕೇಳಬೇಡ, ಪ್ರಶ್ನೆ ಬರೆದುಕೊಂಡು ಹೋಗಿ "ಸರ್, ಈ ಸಾಕ್ಷಿ ಕ್ರಾಸ್ ನಾ ಮಾಡ್ತೀನ್ರಿ, ಪ್ರಶ್ನೆ ನೋಡ್ರಿ" ಅನ್ನು. ಕಕ್ಷಿದಾರರು ವಕೀಲರನ್ನು ನೇಮಿಸುವ ಪತ್ರವಾದ ವಕಾಲತ್ತಿನಲ್ಲಿ ನಿನ್ನ ಹೆಸರು, ಸಹಿ ಇರಲಿ. ನೀನು ನಡೆಸಿದ ಕೇಸಿನ ನಂಬರ್, ಆದೇಶದ ಪ್ರತಿ ಒಂದು ಫೈಲಿನಲ್ಲಿ ಇಟ್ಟುಕೋ, ಅನುಭವ ತೋರಿಸು ಅಂದಾಗ ಬೇಕಾಗುತ್ತದೆ.

ದುಡ್ಡಿನ ಮಾತೂ ಮೊದಲೇ ಆಡು. ಜೂನಿಯರ್‌ಗೆ ತಿಂಗಳಿಗೆ ನಗರದಲ್ಲಿ 20,000, ಹಳ್ಳಿ ಕಡೆ 15,000 ರೂಪಾಯಿ ಕೊಡಿ ಅಂತ ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಹೇಳಿದೆ, ಅದು ಸಲಹೆ ಅಷ್ಟೇ, ಆದರೂ ಮಾತು ತೆಗೆಯಲು ಅನುಕೂಲ. ಸಮಾಜ ಕಲ್ಯಾಣ ಇಲಾಖೆ ಪರಿಶಿಷ್ಟ ಕಾನೂನು ಪದವೀಧರರಿಗೆ ತರಬೇತಿ ಭತ್ಯೆ ಕೊಡುತ್ತದೆ, ಅರ್ಜಿ ಕರೆದಾಗ ಬಿಡಬೇಡ.

ಇನ್ನು ಸಂಜೆಯ ತೊಂದರೆ. ಆಫೀಸಿಗೆ ಕಕ್ಷಿದಾರರು ಬರುವುದು ಏಳರ ಮೇಲೆ, ಸೇಡಂ, ಚಿಂಚೋಳಿ ಕಡೆಯಿಂದ ಓಡಾಡುವವಳು ಆಗ ಬಸ್ಸಿನಲ್ಲಿರುತ್ತಾಳೆ. ಹೀಗೆ ಕೇಸ್ ಕೈ ತಪ್ಪುತ್ತದೆ. ಬೆಳಿಗ್ಗೆ ಎಂಟೂವರೆಗೆ ಬರುತ್ತೇನೆ, ನನ್ನ ಕಕ್ಷಿದಾರರನ್ನು ಆಗಲೇ ಕರೆಸಿ ಅಂತ ಸೇರುವ ದಿನವೇ ಹೇಳಿಬಿಡು.