ಅಮ್ಮನ ಜೊತೆ ಕಾಶಿಗೆ ಹೋಗಿ ಬಂದ ಬಗೆ

ವಯಸ್ಸಾದವರನ್ನು ಕಾಶಿಗೆ ಕರೆದುಕೊಂಡು ಹೋಗುವವರು ಮೊದಲು ಯೋಚಿಸಬೇಕಾದ್ದು ಮೆಟ್ಟಿಲುಗಳ ಬಗ್ಗೆ. ಅಲ್ಲಿ ಘಾಟುಗಳೇ 84. ನದಿಗೆ ಇಳಿಯಲು ಕಡಿದಾದ ಕಲ್ಲಿನ ಮೆಟ್ಟಿಲು, ಮೇಲೆ ಹತ್ತಿದರೆ ಆಟೋ ನುಗ್ಗದ ಗಲ್ಲಿ. ಅಮ್ಮನಿಗೆ ಗಂಟುನೋವು. ಹಾಗಾಗಿ ಇಡೀ ಪ್ರವಾಸವನ್ನು ಅವರ ಕಾಲಿಗೆ ತಕ್ಕ ಹಾಗೆ ಹೊಂದಿಸಿದೆ.

ಉಡುಪಿಯಿಂದ ಮತ್ಸ್ಯಗಂಧ ರೈಲು ಹತ್ತಿದರೆ ಮುಂಬೈಯ ಲೋಕಮಾನ್ಯ ತಿಲಕ್ ಟರ್ಮಿನಸ್. ಅಲ್ಲಿಂದಲೇ ಕಾಮಾಯನಿ ಎಕ್ಸ್‌ಪ್ರೆಸ್ ಸಿಗುತ್ತದೆ, ಸ್ಟೇಷನ್ ಬದಲಿಸುವ ಕಷ್ಟವಿಲ್ಲ. ಹೋಗಿದ್ದು ನವರಾತ್ರಿ ಕಳೆದ ಮೇಲೆ. ಮಳೆಗಾಲದಲ್ಲಿ ಗಂಗೆ ಏರಿ ಘಾಟುಗಳು ಮುಳುಗುತ್ತವೆ, ದೋಣಿ ನಿಲ್ಲಿಸುತ್ತಾರೆ. ಡಿಸೆಂಬರ್, ಜನವರಿಯಲ್ಲಿ ಮಂಜಿನಿಂದ ರೈಲು ಗಂಟೆಗಟ್ಟಲೆ ತಡ.

ಉಳಿದದ್ದು ಹನುಮಾನ್ ಘಾಟ್ ಹತ್ತಿರ. ದಕ್ಷಿಣದವರು ಹಿಂದಿನಿಂದ ನೆಲೆಸಿದ ಜಾಗ ಅದು, ಇಡ್ಲಿ ಸಿಗುತ್ತದೆ. ಪಕ್ಕದಲ್ಲೇ ಮೈಸೂರು ಘಾಟ್ ಎಂದೂ ಕರೆಯುವ ಕರ್ನಾಟಕ ಘಾಟ್ ಇದೆ.

ಘಾಟುಗಳನ್ನು ನೋಡಲು ದೋಣಿಯೇ ಸರಿ. ಕತ್ತಲಿರುವಾಗಲೇ ಅಸ್ಸಿ ಘಾಟಿಗೆ ಹೋಗಿ ಹತ್ತಿದೆವು. ಗಂಗೆ ಕಾಶಿಯಲ್ಲಿ ಉತ್ತರಕ್ಕೆ ಹರಿಯುತ್ತಾಳೆ. ಊರಿರುವುದು ಪಶ್ಚಿಮದ ದಡದಲ್ಲಿ, ಎದುರಿಗೆ ಬರೀ ಮರಳು. ಮಲ್ಪೆಯಲ್ಲಿ ಸೂರ್ಯ ನೀರಿಗೆ ಇಳಿಯುವುದನ್ನೇ ನೋಡುತ್ತ ಬೆಳೆದವರು ನಾವು. ಇಲ್ಲಿ ಆ ಮರಳಿನ ಆಚೆಯಿಂದ ಮೇಲೆ ಬರುತ್ತಾನೆ, ಅಷ್ಟೂ ಮೆಟ್ಟಿಲುಗಳ ಮೇಲೆ ಒಮ್ಮೆಲೇ ಬೆಳಕು ಬೀಳುತ್ತದೆ. ಅಮ್ಮ ಕೈಮುಗಿದವರು ಕೈ ಇಳಿಸಲೇ ಇಲ್ಲ. ಹರಿಶ್ಚಂದ್ರ, ಮಣಿಕರ್ಣಿಕಾ ಘಾಟುಗಳ ಎದುರು ಚಿತೆ ಉರಿಯುತ್ತಿತ್ತು. ಅಲ್ಲಿ ದಯವಿಟ್ಟು ಫೋನ್ ಎತ್ತಬೇಡಿ. ಅದು ಯಾರದೋ ಮನೆಯ ದುಃಖ.

ದೋಣಿಯನ್ನು ಪಂಚಗಂಗಾ ಘಾಟಿನವರೆಗೆ ಬಿಡಿಸಿ. ಹೆಚ್ಚಿನವರು ಮಣಿಕರ್ಣಿಕೆಯಲ್ಲೇ ತಿರುಗಿಸುತ್ತಾರೆ. ಕೃಷ್ಣನ ಊರಿನವರು ಅಲ್ಲಿನ ಬಿಂದು ಮಾಧವನನ್ನು ನೋಡದೆ ಬರುವುದುಂಟಾ? ಆದರೆ ಮೆಟ್ಟಿಲು ತುಂಬಾ ಜಾಸ್ತಿ. ನಾನು ಬೇಡ ಅಂದರೂ ಅಮ್ಮ ಅಲ್ಲಲ್ಲಿ ಕೂತು ಹತ್ತಿಯೇ ಬಿಟ್ಟರು. ಗುಡಿ ಸಣ್ಣದು, ಮನೆಯ ಹಾಗೆ. ಜನ ಕಡಿಮೆ, ಸಮಾಧಾನವಾಗಿ ದರ್ಶನವಾಯಿತು.

ವಿಶ್ವನಾಥನ ದರ್ಶನ ಈಗ ಮೊದಲಿಗಿಂತ ಸುಲಭ. ಈಗಿನ ಗುಡಿ ಅಹಲ್ಯಾಬಾಯಿ ಹೋಳ್ಕರ್ 1780ರಲ್ಲಿ ಕಟ್ಟಿಸಿದ್ದು. ಸುತ್ತಲಿನ ಜಾಗ ಬಿಡಿಸಿ, ನದಿಯವರೆಗೆ ಮಾಡಿದ ವಿಶಾಲವಾದ ದಾರಿ 2021ರಲ್ಲಿ ಉದ್ಘಾಟನೆಯಾಯಿತು. ಫೋನು, ಬ್ಯಾಗು ಒಳಗೆ ಬಿಡುವುದಿಲ್ಲ, ರೂಮಿನಲ್ಲೇ ಇಟ್ಟು ಹೋಗಿ. ಹತ್ತಿರದ ಅನ್ನಪೂರ್ಣೆಯನ್ನೂ ನೋಡಿ.

ಕಾಶಿಗೆ ಹೋದವರು ಇಷ್ಟದ ತಿನಿಸೊಂದನ್ನು ಬಿಡುವ ಪದ್ಧತಿ ಇದೆಯಲ್ವಾ? ಅಮ್ಮ ಹಲಸಿನ ಹಣ್ಣು ಬಿಟ್ಟರು. ಸುಮ್ನೆ ಯಾವುದೋ ಬೇಡದ ತರಕಾರಿ ಹೆಸರು ಹೇಳಲಿಲ್ಲ. ನನಗೆ ಅದು ದೊಡ್ಡದು ಅನಿಸಿತು.

ಸಂಜೆಯ ಆರತಿಗೆ ದಶಾಶ್ವಮೇಧ ಘಾಟಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅದನ್ನೂ ದೋಣಿಯಿಂದಲೇ ನೋಡಿ. ಹತ್ತುವ ಮೊದಲೇ ಬಾಡಿಗೆ ಎಷ್ಟು, ಎಲ್ಲಿಗೆ ವಾಪಸ್ ಬಿಡುತ್ತಾರೆ ಎಂದು ಸರಿಯಾಗಿ ಕೇಳಿ, ಲೈಫ್ ಜಾಕೆಟ್ ಹಾಕಿಸಿ.