ಬಸುರಿಯರ ನಿದ್ದೆ: ಮಾತ್ರೆ ಯೋಚಿಸುವ ಮೊದಲು ದಿಂಬು ಸರಿ ಮಾಡಿ

ಬಸುರಿ ಹೆಂಗಸು ನಿದ್ದೆ ಬರುದಿಲ್ಲ ಅಂದ ಕೂಡ್ಲೆ ಮನೆಯಲ್ಲಿ ಸಿಗುದು ಎರಡೇ ಮದ್ದು. ಒಂದೋ "ಹೆರಿಗೆ ಆದ್ಮೇಲೆ ಹೇಗೂ ನಿದ್ದೆ ಇಲ್ಲ, ಈಗ್ಲೇ ಅಭ್ಯಾಸ ಮಾಡ್ಕೋ" ಅಂತ ಅತ್ತೆಯ ತಮಾಷೆ, ಇಲ್ಲಾಂದ್ರೆ ಗಂಡ ಮೊಬೈಲಲ್ಲಿ ಆರ್ಡರ್ ಮಾಡುವ ದೊಡ್ಡ ದಿಂಬು. ನಾನು ನೋಡಿದ ಹಾಗೆ ಹೆಚ್ಚಿನವರು ತಪ್ಪುದು ಮಲಗುವ ರೀತಿಯಲ್ಲೇ, ಹಾಗಾಗಿ ಅದನ್ನು ಉದ್ದಕ್ಕೆ ಬರಿತೇನೆ, ಉಳಿದದ್ದು ಬೇಗ ಮುಗಿಸ್ತೇನೆ.

ಸ್ಟೆಪ್ 1: ಎಂತಕ್ಕೆ ಎಚ್ಚರ ಆಗ್ತದೆ ನೋಡಿ

ಎದೆಯುರಿಯಾ, ಮೂತ್ರಕ್ಕಾ, ಕಾಲು ಹಿಡಿಯುದಾ, ಸೆಕೆಯಾ, ಸುಮ್ನೆ ತಲೆ ಓಡುದಾ? ತಾಯಿ ಕಾರ್ಡಿನ ಒಳಗೆ ಒಂದು ಚೀಟಿ ಇಟ್ಟು ಒಂದು ವಾರ ಬೆಳಿಗ್ಗೆ ಎದ್ದು ಬರೆದಿಡಿ. ಚೆಕಪ್‌ಗೆ ಹೋದಾಗ ಡಾಕ್ಟರಿಗೂ ಅದು ಉಪಯೋಗಕ್ಕೆ ಬರ್ತದೆ.

ಸ್ಟೆಪ್ 2: ಊಟ, ಚಾ, ನೀರು

ಮಲಗುದಕ್ಕಿಂತ ಎರಡು ಮೂರು ಗಂಟೆ ಮೊದ್ಲೇ ಊಟ ಮುಗಿಸಿ. ಹುಳಿ ಖಾರದ ಪುಳಿಮುಂಚಿ ತಿನ್ನುವ ಆಸೆ ಇದ್ರೆ ಮಧ್ಯಾಹ್ನ ತಿನ್ನಿ, ರಾತ್ರಿಗೆ ಕುಚ್ಚಲಕ್ಕಿ ಗಂಜಿ, ಒಂದು ಪಲ್ಯ ಸಾಕು. ಕಾಫಿ ಚಾ ಎಲ್ಲ ಸೇರಿ ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ದಾಟಬಾರದು ಅಂತ ಲೆಕ್ಕ, ಆದ್ರೆ ಕೊನೇ ತಿಂಗಳುಗಳಲ್ಲಿ ಅದು ಮೈಯಿಂದ ಹೋಗ್ಲಿಕ್ಕೆ ಮೊದಲಿಗಿಂತ ತುಂಬ ಹೆಚ್ಚು ಹೊತ್ತು ತೆಗೊಳ್ತದೆ, ಹಾಗಾಗಿ ಸಂಜೆ ನಾಲ್ಕು ಗಂಟೆಯ ಚಾ ಬಿಟ್ಟುಬಿಡಿ. ನೀರು ಒಟ್ಟು ಕಡಿಮೆ ಮಾಡುದು ಮಾತ್ರ ಬೇಡ, ನಮ್ಮ ಕರಾವಳಿಯ ಬೆವರಿಗೆ ಅದು ಆಗುದಿಲ್ಲ. ಬೊಂಡ (ಎಳನೀರು), ಮಜ್ಜಿಗೆ, ನೀರು ಎಲ್ಲ ಹಗಲಲ್ಲೇ ಕುಡಿದು ರಾತ್ರಿ ಗುಟುಕಿಗೆ ಇಳಿಸಿ. ಪಾದ ಊದ್ತದಾದ್ರೆ ಸಂಜೆ ಸ್ವಲ್ಪ ಹೊತ್ತು ಕಾಲು ಎತ್ತರಕ್ಕೆ ಇಟ್ಟು ಮಗ್ಗುಲಾಗಿ ಒರಗಿ, ಹಗಲಿಡೀ ಕಾಲಲ್ಲಿ ನಿಂತ ನೀರು ಆಗ್ಲೇ ಇಳಿದ್ರೆ ರಾತ್ರಿ ಬಾತ್ರೂಮಿಗೆ ಏಳುದು ಕಡಿಮೆ ಆಗ್ತದೆ.

ಸ್ಟೆಪ್ 3: ಸೆಕೆ

ಫ್ಯಾನು, ಹತ್ತಿಯ ನೈಟಿ, ಸೊಳ್ಳೆ ಪರದೆ. ಕಾಯಿಲ್ ಹೊಗೆ ಬೇಡ. ಏರ್ ಕೂಲರ್ ಅಂತೂ ತರ್ಲೇಬೇಡಿ ಮಾರಾಯ್ರೆ, ಅದು ನೀರು ಆರಿಸಿ ತಂಪು ಮಾಡುವ ಮೆಷಿನ್, ಮಂಗಳೂರು ಉಡುಪಿಯ ಗಾಳಿಯಲ್ಲಿ ಮೊದ್ಲೇ ನೀರು ತುಂಬಿರ್ತದೆ, ಕೋಣೆ ಇನ್ನಷ್ಟು ಅಂಟಂಟು ಆಗುದು ಬಿಟ್ರೆ ಬೇರೆಂತ ಇಲ್ಲ.

ಸ್ಟೆಪ್ 4: ದಿಂಬು, ಇಲ್ಲೇ ಎಲ್ರೂ ಎಡವುದು

ಮೊದ್ಲು ಮಗ್ಗುಲಿನ ವಿಷಯ. 28 ವಾರ ಆದ್ಮೇಲೆ ಅಂಗಾತ ಮಲಗಿ ನಿದ್ದೆಗೆ ಜಾರಬಾರದು, ಗರ್ಭದ ಭಾರ ಬೆನ್ನುಮೂಳೆಯ ಪಕ್ಕದ ದೊಡ್ಡ ರಕ್ತನಾಳದ ಮೇಲೆ ಬೀಳ್ತದೆ, ಮಗುವಿಗೆ ಹೋಗುವ ರಕ್ತ ಕಡಿಮೆ ಆಗ್ಬಹುದು. ಇದು ನಿಜ. ಆದ್ರೆ "ಎಡಕ್ಕೇ ಮಲಗು, ಬಲಕ್ಕೆ ತಿರುಗ್ಬೇಡ" ಅಂತ ಹೆದರಿಸಿ ಹೆದರಿಸಿ ಎಷ್ಟು ಜನ ರಾತ್ರಿಯಿಡೀ ಕಾವಲು ಕಾಯ್ತಾರೆ ಗೊತ್ತುಂಟಾ? ಎಡ ಬಲ ಎರಡೂ ಆಗ್ತದೆ. ಎದೆಯುರಿ ಇದ್ದವರಿಗೆ ಎಡ ಒಳ್ಳೇದು ಅಷ್ಟೆ. ನಡುರಾತ್ರಿ ಎಚ್ಚರ ಆದಾಗ ಅಂಗಾತ ಇದ್ರೆ ಗಾಬರಿ ಬೇಡ, ಮಗ್ಗುಲಾಗಿ ಮತ್ತೆ ಮಲಗಿ. ಅಲಾರಂ ಇಟ್ಟು ಚೆಕ್ ಮಾಡುವವರೂ ಇದ್ದಾರೆ, ದಯವಿಟ್ಟು ಬೇಡ.

ಈಗ ಜೋಡಿಸುದು. ತಲೆಗೆ ಒಂದೇ ದಿಂಬು, ಭುಜದಿಂದ ಕಿವಿವರೆಗಿನ ಜಾಗ ತುಂಬುವಷ್ಟು ದಪ್ಪ ಇದ್ರೆ ಸಾಕು. ಎದೆಯುರಿ ಅಂತ ಮೂರು ದಿಂಬು ಪೇರಿಸಿದ್ರೆ ಕುತ್ತಿಗೆ ಮಡಚ್ತದೆ, ಹೊಟ್ಟೆ ಇನ್ನೂ ಒತ್ತಿ ಹುಳಿ ಮೇಲೆ ಬರ್ತದೆ. ಅದರ ಬದಲು ಮಂಚದ ತಲೆಕಡೆಯ ಎರಡು ಕಾಲಿನ ಅಡಿಗೆ ಅಲುಗಾಡದ ಮರದ ತುಂಡು ಇಟ್ಟು ಆರು ಇಂಚು ಎತ್ತರ ಮಾಡಿ.

ಎರಡನೇ ದಿಂಬು ಕಾಲುಗಳ ನಡುವೆ. ಸೋಫಾದ ಸಣ್ಣ ಕುಶನ್ ತಂದು ಮೊಣಕಾಲಿಗೆ ಮಾತ್ರ ಇಟ್ಕೊಳ್ತಾರೆ, ಮೇಲಿನ ಪಾದ ಕೆಳಗೆ ಜಾರಿ ಸೊಂಟ ತಿರುಚಿ ಬೆಳಿಗ್ಗೆ "ದಿಂಬು ಇಟ್ರೂ ನೋವು ಹೋಗ್ಲಿಲ್ಲ" ಅಂತಾರೆ. ದಿಂಬು ಮೊಣಕಾಲಿಂದ ಹಿಮ್ಮಡಿವರೆಗೆ ಬರ್ಬೇಕು, ಮೇಲಿನ ಮೊಣಕಾಲೂ ಪಾದವೂ ಒಂದೇ ಎತ್ತರದಲ್ಲಿರ್ಬೇಕು. ಹೊಟ್ಟೆಯ ಅಡಿಗೆ ದಿಂಬೇ ಬೇಡ, ಒಂದು ಹಳೇ ಬೈರಾಸು (ಟವೆಲ್) ಮಡಚಿ ಅಂಚು ತೆಳ್ಳಗೆ, ಹಿಂದೆ ದಪ್ಪ ಮಾಡಿ ತೆಳ್ಳಗಿನ ಬದಿ ಒಳಗೆ ತುರುಕಿ, ಹೊಟ್ಟೆ ಅದರ ಮೇಲೆ ಕೂತ ಹಾಗಿರ್ಬೇಕು, ಎತ್ತಿದ ಹಾಗಲ್ಲ. ಕೊನೇದು ಬೆನ್ನ ಹಿಂದೆ, ಬೂರುಗದ ಹತ್ತಿಯ ಗಟ್ಟಿ ದಿಂಬು, ಭುಜದ ಮೂಳೆಯಿಂದ ಸೊಂಟದವರೆಗೆ ಒತ್ತಿ. ನಿದ್ದೆಯಲ್ಲಿ ಹಿಂದೆ ಹೊರಳಿದ್ರೂ ಅರ್ಧಕ್ಕೇ ನಿಲ್ತೀರಿ, ಭಯ ಅಲ್ಲಿಗೆ ಮುಗೀತು. ಇಷ್ಟೆಲ್ಲ ಇಟ್ಟ ಮೇಲೆ ಮಂಚದಲ್ಲಿ ಗಂಡನಿಗೆ ಜಾಗ ಇರುದಿಲ್ಲ, ಚಾಪೆ ಉಂಟಲ್ಲ.

ಮೊಬೈಲಲ್ಲಿ ಆರ್ಡರ್ ಮಾಡುವ ಆ ಯು ಆಕಾರದ ದೊಡ್ಡ ದಿಂಬು ನನಗೆ ಕಂಡ್ರೆ ಆಗುದಿಲ್ಲ. ಒಳಗೆ ಫೈಬರ್, ಮೈ ಬೇಯ್ತದೆ, ತಿರುಗ್ಬೇಕಾದ್ರೆ ಒದ್ದಾಟ, ಮಳೆ ಸುರಿಯುವ ಆಟಿ ತಿಂಗಳಲ್ಲಿ ಕವರ್ ಒಗೆದ್ರೆ ಒಣಗುದೂ ಇಲ್ಲ.

ಸ್ಟೆಪ್ 5: ನಡುರಾತ್ರಿ ಎಚ್ಚರ ಆದ್ರೆ

ಸುಮಾರು ಇಪ್ಪತ್ತು ನಿಮಿಷ ಆಯ್ತು ಅನ್ನಿಸ್ತದೆ, ನಿದ್ದೆ ಇಲ್ಲ, ಹಾಗಾದ್ರೆ ಎದ್ದುಬಿಡಿ. ಗಡಿಯಾರ ನೋಡ್ಬೇಡಿ. ಮಂದ ಬೆಳಕಲ್ಲಿ ಕುರ್ಚಿಯಲ್ಲಿ ಕೂತು ಮಗುವಿನ ಬಟ್ಟೆ ಮಡಚುವಂಥ ಸಪ್ಪೆ ಕೆಲಸ ಮಾಡಿ, ಕಣ್ಣು ಎಳೆದ್ಮೇಲೆ ಮಂಚಕ್ಕೆ ವಾಪಸ್. ಬೆಳಿಗ್ಗೆ ಏಳುದು ಮಾತ್ರ ದಿನಾ ಒಂದೇ ಹೊತ್ತಿಗೆ, ಹಗಲು ನಿದ್ದೆ ಮಧ್ಯಾಹ್ನ ಮೂರು ಗಂಟೆಗೆ ಮೊದ್ಲೇ, ಅರ್ಧ ಗಂಟೆ ಸಾಕು. ಇದೆಲ್ಲ ಸಿಬಿಟಿ-ಐ ಅನ್ನುವ, ನಿದ್ದೆಯ ಅಭ್ಯಾಸ ಯೋಚನೆ ಬದಲಿಸುವ ಚಿಕಿತ್ಸೆಯ ಭಾಗ, ನಿದ್ರಾಹೀನತೆಗೆ ಮಾತ್ರೆಗಿಂತ ಮೊದ್ಲು ಮಾಡ್ಬೇಕಾದ್ದು ಇದೇ. ಅದರಲ್ಲಿ ನಿದ್ದೆಯ ಗಂಟೆಯನ್ನೇ ಬೇಕಂತ ಕಡಿಮೆ ಮಾಡುವ ಒಂದು ಭಾಗ ಉಂಟು, ಬಸುರಿಯರು ಅದನ್ನು ಯೂಟ್ಯೂಬ್ ನೋಡಿ ಮಾಡ್ಬೇಡಿ.

ಸ್ಟೆಪ್ 6: ಕಾಲು

ಮೀನಖಂಡ ಹಿಡಿದ್ರೆ ಕಾಲು ನೀಟ ಮಾಡಿ ಬೆರಳುಗಳನ್ನು ಮೊಣಕಾಲಿನ ಕಡೆ ಎಳೀರಿ. ಕಾಲಲ್ಲಿ ಹುಳ ಹರಿದ ಹಾಗಾಗಿ ಅಲ್ಲಾಡಿಸ್ಲೇಬೇಕು ಅನ್ನಿಸುದು ಬೇರೆ ಕಥೆ, ಕಬ್ಬಿಣ ಕಡಿಮೆ ಇದ್ರೆ ಹಾಗೆ ಆಗ್ತದೆ, ಮೈಯಲ್ಲಿ ಕಬ್ಬಿಣ ಎಷ್ಟು ಸಂಗ್ರಹ ಉಂಟು ಅಂತ ನೋಡುವ ಫೆರಿಟಿನ್ ಟೆಸ್ಟ್ ಮಾಡ್ಬೇಕಾ ಅಂತ ಡಾಕ್ಟರ್ ಹತ್ರ ಕೇಳಿ. ಕಬ್ಬಿಣದ ಮಾತ್ರೆ ಚಾ ಜೊತೆ ನುಂಗಿದ್ರೆ ಮೈಗೆ ಸರಿಯಾಗಿ ಸೇರುದಿಲ್ಲ.

ಶಾರ್ಟ್‌ಕಟ್ ಹುಡುಕುವವರಿಗೆ: ಅಶ್ವಗಂಧ ಬೇಡ, ನಿದ್ದೆಗೆ ಅಂತ ಮಾರುವ ಮೆಲಟೋನಿನ್ ಗಮ್ಮಿ ಸ್ವಂತಕ್ಕೆ ತರಿಸಿ ತಿನ್ನುದು ಬೇಡ, ಹಾಲಿಗೆ ಜಾಯಿಕಾಯಿ ತೇದು ಕುಡಿಸುದೂ ಬೇಡ. ಗಿಡದಿಂದ ಬಂದದ್ದು ಅಂತ ಹೇಳಿ ಹೊಟ್ಟೆಯ ಮಗುವಿಗೆ ಏನೂ ಆಗುದಿಲ್ಲ ಅಂತ ಅಲ್ಲ.

ದಿಂಬಿನಿಂದ ಸರಿ ಆಗದ್ದೂ ಉಂಟು. ಜೋರು ಗೊರಕೆ ಹೊಡೆದು ಉಸಿರು ಕಟ್ಟಿ ಏಳುದು, ಎರಡು ವಾರ ಮನಸ್ಸು ಕುಗ್ಗಿಯೇ ಇರುದು, ಇವನ್ನು ಮುಂದಿನ ಚೆಕಪ್‌ವರೆಗೆ ಇಟ್ಕೊಳ್ಬೇಡಿ, ಬೇಗ ಹೋಗಿ ತೋರಿಸಿ. ರಾತ್ರಿ ಅಂಗೈ ಪಾದ ವಿಪರೀತ ತುರಿಸಿದ್ರೆ ಅದು ಸೆಕೆಬೊಕ್ಕೆ ಅಲ್ಲದೆ ಲಿವರ್ ತೊಂದರೆ ಇರ್ಬಹುದು, ಮರುದಿನವೇ ರಕ್ತ ಪರೀಕ್ಷೆಗೆ ಹೋಗಿ. ತಲೆನೋವು ಜೋರಾಗಿ ಕಣ್ಣು ಮಂಜಾದ್ರೆ, ಮಗುವಿನ ಮಿಸುಕಾಟ ಕಡಿಮೆ ಅನ್ನಿಸಿದ್ರೆ ಬೆಳಿಗ್ಗೆವರೆಗೂ ಕಾಯ್ಬೇಡಿ, ಮಂಗಳೂರಿನ ಲೇಡಿಗೋಷನ್ ಆಗ್ಲಿ ನೀವು ತೋರಿಸುವ ಬೇರೆ ಆಸ್ಪತ್ರೆ ಆಗ್ಲಿ, ಆ ಹೊತ್ತಿಗೇ ಹೊರಡಿ, ತಾಯಿ ಕಾರ್ಡ್ ತೆಗೊಂಡು.